ಅಚ್ಚಿನ ಅಚ್ಚು

ಮಂಡ್ಯದ ಗುತ್ತಲು ರಸ್ತೆ, ಮೇಲ್ಮಹಡಿಯಲ್ಲಿ ನನ್ನ ಮೇಜು.
ಕೆಳಗೆ ಈರಾಚಾರಿಯ ಬಡಗಿ ಕೊಟ್ಟಿಗೆ.
ಬೆಳಗಿನಿಂದ ಅವನ ಉಳಿ, ನನ್ನ ಕೀಲಿಮಣೆ,
ಒಂದೇ ತೊಲೆಯ ಎರಡು ಬದಿಗೆ ಹತ್ತಿದ ಹುಳುಗಳ ಹಾಗೆ
ಕೊರೆಯುತ್ತಿರುತ್ತೇವೆ.

ಬೆಲ್ಲದ ಮಂಡಿಗಳು ಇಪ್ಪತ್ತಮೂರು.
ಲೆಕ್ಕವೆಲ್ಲ ಒಂದೇ ಕಡೆ, ಎಕ್ಸ್‌ಎಂಎಲ್ ಕಡತದಲ್ಲಿ:
ಯಾರ ಗಾಡಿ, ಯಾವ ಬೆಲ್ಲ, ಎಷ್ಟು ತೂಕ.
ಚೀಟಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ.
ಕೆಂಪರಸಯ್ಯನ ಮಂಡಿಗೆ ಹಮಾಲಿ ಮೊದಲು ಬರಬೇಕು,
ಪಕ್ಕದವರಿಗೆ ಕೊನೆಗೆ, ಅದೂ ಸಣ್ಣಕ್ಷರದಲ್ಲಿ.
ಕುರಿಕಟ್ಟಿಗೆ ಒಂದು ಕಾಲಂ, ಬಕೆಟ್ ಬೆಲ್ಲಕ್ಕೆ ಇನ್ನೊಂದು.
ಒಬ್ಬರು ಚೀಟಿಯ ನೆತ್ತಿಗೆ ನಿಂಬೆಹಣ್ಣಿನ ಚಿತ್ರ ಕೇಳಿದರು;
ಯಾಕೆಂದು ನಾನು ಕೇಳಲಿಲ್ಲ.

ಮೂರು ಸ್ಟೈಲ್‌ಶೀಟು ಕೈಯಲ್ಲೇ ಬರೆದೆ.
ನಾಲ್ಕನೆಯದರ ನಡುವೆ ಬೆರಳು ನಿಂತಿತು.
ಇನ್ನೂ ಹತ್ತೊಂಬತ್ತು ಸಲ ಇದೇ ಕೋನದ ಬಾಗಿಲು ತೆರೆದು
ಇದೇ ಬಾಗಿಲು ಮುಚ್ಚಬೇಕೆ?

ಕೆಳಗಿಳಿದರೆ ಈರಾಚಾರಿ ಹಲಗೆಯಲ್ಲಿ
ಅಚ್ಚುಬೆಲ್ಲದ ಗುಳಿ ತೋಡುತ್ತಿದ್ದ.
ತೋಡುವ ಮೊದಲು ಸವೆದ ತಗಡಿನ ಬಿಲ್ಲೆಯೊಂದನ್ನಿಟ್ಟು
ಸುತ್ತ ಗೀಟೆಳೆಯುತ್ತಾನೆ.
"ಅಚ್ಚು ಮಾಡಕ್ಕೂ ಒಂದು ಅಚ್ಚು ಬೇಕು ಕನವ್ವ."

ನಮ್ಮ ಕಡೆ ಈ ಮಾತಿಗೇನು ಬರವೆ?
ನಾಲೆಯ ನೀರು ಮುಟ್ಟಿದಷ್ಟು ದೂರ ಅಚ್ಚುಕಟ್ಟು,
ಗಾಡಿಯ ಎರಡು ಚಕ್ರ ನೆಚ್ಚಿಕೊಂಡದ್ದು ಅಚ್ಚು,
ಲಗ್ನಪತ್ರಿಕೆ ಹಾಕಿಸುವುದು ಅಚ್ಚು,
ಬಾಣಂತಿಗೆ ಶುಂಠಿಯ ಜೊತೆ ಜಜ್ಜಿ ಕೊಡುವುದು ಒಂದಚ್ಚು.

ಹಾಗೆ ಶುರುವಾಯಿತು.
ಲೈಬ್ರರಿಯೊಂದನ್ನು ಕರೆದು ತಂದು ಕೂರಿಸಿದೆ.
ನಾನು ಬರೆಯಲಿಲ್ಲ, ಹೇಳಿ ಬರೆಸಿದೆ:
ಇಲ್ಲೊಂದು ಟೆಂಪ್ಲೇಟ್ ಹುಟ್ಟಲಿ, ಅದರ ಮಡಿಲಿಗೆ ಒಂದು ಸಾಲು,
ಸಾಲಿನೊಳಗೆ ತೂಕ, ತೂಕ ಸೊನ್ನೆಯಾದರೆ ಬರೀ ಗೆರೆ.
ಕೊಂಬೆಗೆ ಕೊಂಬೆ ಚಿಗುರಿ ಮರವಾಯಿತು.
ತೆರೆದು ನೋಡಿದೆ. ಎಲ್ಲ ನೆಟ್ಟಗಿತ್ತು.

ಓಡಿಸಿದರೆ ಚೀಟಿಯಿಲ್ಲ.
ಅಚ್ಚಿಡುವ ಮೊದಲೇ ಕೊಪ್ಪರಿಗೆ ಬಗ್ಗಿಸಿದ ಹಾಗೆ
ಕಡತದಲ್ಲಿದ್ದುದೆಲ್ಲ ಅಂಟಂಟಾಗಿ, ಒಂದೇ ಉಸಿರಿಗೆ ಹರಿದು ಬಂತು:
ಹನಕೆರೆಬೋರಲಿಂಗಯ್ಯಕುರಿಕಟ್ಟು೪೨೩೬೫೦ತಗ್ಗಹಳ್ಳಿದೇವೀರಮ್ಮಅಚ್ಚು೧೮೩೮೦೦

ಕಾರಣ ತಿಳಿಯಲು ಎರಡು ದಿನ, ಒಂದು ರಾತ್ರಿಯ ನಿದ್ದೆ.
ಟೆಂಪ್ಲೇಟಿಗೆ ಹೆಸರಿಟ್ಟಿದ್ದೆ, ಮನೆ ಹೇಳಿರಲಿಲ್ಲ.
ಹೆಸರಿನ ಮುಂದೆ ಇನಿಷಿಯಲ್ ಅಂಟಿಸಿದರೆ
ನೇಮ್‌ಸ್ಪೇಸ್ ಆಗುವುದಿಲ್ಲ;
ಬಾಯಲ್ಲಿ ಅಂದರೆ ಸಾಲದು, ಪಹಣಿಯಲ್ಲಿರಬೇಕು.
ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ಮೋಸ.
ತಗ್ಗಹಳ್ಳಿಯ ಬೀದಿಯಲ್ಲಿ ನಿಂತು ದೇವೀರಮ್ಮಾ ಎಂದರೆ
ಐದು ಬಾಗಿಲಿಂದ ಐದು ತಲೆ ಹೊರಬರುತ್ತವೆ.
ಯಂತ್ರದೊಳಗೆ ಯಾರೂ ತಿರುಗಲಿಲ್ಲ.

ತಿದ್ದಿದ್ದು ಒಂದು ಸಾಲು.
ಇಪ್ಪತ್ತಮೂರು ಸ್ಟೈಲ್‌ಶೀಟು
ನಾನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಸಾಲಾಗಿ ಕೂತಿದ್ದವು.
ನಿಂಬೆಹಣ್ಣು ಸರಿಯಾಗಿ ನೆತ್ತಿಯ ಮೇಲೆ.

ಸಂಜೆ ಈರಾಚಾರಿ ಮೊಬೈಲು ಚಾರ್ಜಿಗೆ ಹಾಕಲು ಮೇಲೆ ಬಂದ.
"ಇಷ್ಟೊಂದ್ ಬರ್ದಿದ್ದೀಯಲ್ಲ, ಯಾರು ಓದ್ತರೆ ಇದ?"
ಯಾರೂ ಓದುವುದಿಲ್ಲ ಅಜ್ಜ. ಬರೆದದ್ದೂ ಯಂತ್ರ, ಓದುವುದೂ ಯಂತ್ರ.
ಅವನು ಮೀಸೆಯ ಮೇಲಿನ ಮರದ ಪುಡಿ ಒರೆಸಿಕೊಂಡ.
"ಸರಿ ಬುಡು. ನನ್ ಅಚ್ಚ ತಿಂದೋರು ಯಾರವ್ರೆ?"

ಮೇಜಿನ ಮೇಲೆ ಆ ಸುರಿದುಹೋದ ಹಾಳೆ ಇನ್ನೂ ಇತ್ತು,
ಅಚ್ಚಿಲ್ಲದ್ದು, ಕಾಲಂ ಇಲ್ಲದ್ದು.
ಹರಿಯಲು ಕೈ ಹಾಕಿದೆ, ಅವನು ಕಸಿದುಕೊಂಡ.
ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು
ಗಂಟು ಬಿಡಿಸುವವನಂತೆ ಹೆಸರು ಹೆಸರಾಗಿ ಬಿಡಿಸುತ್ತ ಹೋದ.
ಒಂದು ಕಡೆ ಬೆರಳು ನಿಂತಿತು.

"ಈ ದೇವೀರಮ್ಮ ಗೊತ್ತು ನಂಗೆ.
ಹೋದ್ ವರ್ಸ ಎಲ್ಡು ಹಲಗೆ ತಗಂಡೋದ್ಲು,
ದುಡ್ ಕೊಟ್ಟಿಲ್ಲ.
ನಿನ್ ಚೀಟೀಲಿ ಅದಕ್ಕೊಂದ್ ಕಾಲಂ
ಆಯ್ತದಾ?"